ಹಳೆಯದು ಕೈಗೆ ಬರಲಿ

ಮಗ್ಗದ ಮೇಲಿದ್ದ ಅರ್ಧ ಸೀರೆಗೆ ಬೆಡ್‌ಶೀಟು ಹೊದಿಸುತ್ತಿರುವಾಗಲೇ ಮೇಘನಾಳ ಫೋನು ಮತ್ತೆ ಅದುರಿತು.

"ಬಿಗಿಯಾಗ್ ಎಳಿ ಮಗ," ಎಂದಳು ಇನ್ನೊಂದು ತುದಿ ಹಿಡಿದಿದ್ದ ಪಕ್ಕದ ಮನೆಯ ಚಿಕ್ಕನಿಂಗಮ್ಮ. "ಊವಿನ್ ನೀರು ತೊಟ್ಟಿಕ್ಕುದ್ರೆ ರೇಸ್ಮೆ ಕೆಟ್ಟೋಯ್ತದೆ. ಆಮೇಲೆ ಆ ಸೀರೆ ಯಾರ್ ತಕತಾರೆ?"

ಕೊಳ್ಳೇಗಾಲದ ಆ ಬೀದಿಯಲ್ಲಿ ಪಡಸಾಲೆ ಎಂದರೆ ಮಗ್ಗ. ಮಗ್ಗ ಬಿಟ್ಟು ಉಳಿದ ಜಾಗದಲ್ಲಿ ಮನುಷ್ಯರು ಬದುಕಬೇಕು. ಇವತ್ತು ಆ ಉಳಿದ ಜಾಗದಲ್ಲಿ ರಾಮಲಿಂಗಯ್ಯನವರನ್ನು ಮಲಗಿಸಿದ್ದರು. ಹಾರ ಹಾಕಲು ಬಗ್ಗಿದವರ ಬೆನ್ನು ಮಗ್ಗದ ಮರಕ್ಕೆ ತಗಲುತ್ತಿತ್ತು, ನೆಟ್ಟಗಾದರೆ ತಲೆ ಮೇಲಿನ ಹಗ್ಗಕ್ಕೆ ಸಿಕ್ಕುತ್ತಿತ್ತು. ನೆಮ್ಮದಿಯಾಗಿ ಅಳುವುದಕ್ಕೂ ಅಲ್ಲಿ ಜಾಗವಿರಲಿಲ್ಲ. ಮಗ್ಗ ಹೆಂಡತಿ ರುದ್ರಾಣಮ್ಮನದು. ನಿನ್ನೆ ಸಂಜೆ ಕಾಮಗೆರೆಯ ಆಸ್ಪತ್ರೆಯಿಂದ ಫೋನು ಬಂದಾಗ ಅವರು ಲಾಳಿಯನ್ನು ಎಲ್ಲಿ ಬಿಟ್ಟು ಎದ್ದರೋ ಇನ್ನೂ ಅಲ್ಲೇ ಇತ್ತು.

ಮೇಘನಾ ಹಿತ್ತಲಿಗೆ ಹೋಗಿ ಫೋನು ಎತ್ತಿದಳು. ಆ ಕಡೆ, ಅವಳೂ ರಾಮಲಿಂಗಯ್ಯನವರೂ ಒಟ್ಟಿಗೆ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯ ಮ್ಯಾನೇಜರ್ ದೇವರಾಜ್.

"ಎಲ್ಲಿದ್ದೀರಿ ಮೇಘನಾ?"

"ರಾಮಲಿಂಗಯ್ಯ ಸಾರ್ ಮನೇಲೇ ಇದೀನಿ ಸಾರ್."

"ನಾನೂ ಅಲ್ಲಿಗೇ ಹೊರಟೆ. ಆಡಿಟ್‌ನವರನ್ನ ಗೋಡೌನ್ ನೋಡೋಕೆ ಕಳಿಸಿದ್ದೀನಿ. ರಾಮಲಿಂಗಯ್ಯನವರ ಅಕೌಂಟು ಕ್ಲೋಸ್ ಮಾಡಿಲ್ಲ ತಾನೆ?"

"ಇಲ್ಲ ಸಾರ್."

"ಮಾಡಬೇಡಿ. ನಾನು ಬರೋತನಕ ಅದನ್ನ ಮುಟ್ಟಲೇಬೇಡಿ."

ಫೋನು ಇಟ್ಟ ಮೇಲೂ ಮೇಘನಾ ಬಚ್ಚಲ ಒಲೆಯ ಹತ್ತಿರ ಸುಮ್ಮನೆ ನಿಂತಿದ್ದಳು. ಯಾರಾದರೂ ಕೆಲಸ ಬಿಟ್ಟರೆ ಅವತ್ತೇ ಕಂಪ್ಯೂಟರ್ ಸಿಸ್ಟಮ್ಮಿನಲ್ಲಿ ಅವರ ಅಕೌಂಟು ಮುಚ್ಚಬೇಕು. ಅದು ಫ್ಯಾಕ್ಟರಿಯ ನಿಯಮ, ಮಾಡಬೇಕಾದವಳು ಅವಳೇ. ನಿನ್ನೆಯಿಂದ ಎಷ್ಟು ಸಲ ಫೋನಿನಲ್ಲಿ ಆ ಪರದೆ ತೆಗೆದಿದ್ದಳೋ. ರಾಮಲಿಂಗಯ್ಯನವರ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಕಾಣುತ್ತಿತ್ತು. ಅದನ್ನು ಆರಿಸಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಈಗ ಆರಿಸಬೇಡಿ ಎಂದು ಇನ್ನೊಬ್ಬರು ಹೇಳಿದಾಗ ಮಾತ್ರ ಒಳಗೆ ಏನೋ ಚುಚ್ಚಿದಂತಾಯಿತು.

ಒಳಗಿನಿಂದ ಟಣ್ ಎಂಬ ಸದ್ದು ಬಂತು. ಹೆಣದ ತಲೆಯ ಹತ್ತಿರ, ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಿ ರಾಮಲಿಂಗಯ್ಯನವರ ಕನ್ನಡಕ, ಬಸ್ಸಿನ ಟಿಕೆಟು, ಫೋನು ಇದ್ದವು. ಫೋನು ಬೆಳಗಿನಿಂದ ಹೀಗೇ ಬಡಿದುಕೊಳ್ಳುತ್ತಿತ್ತು. ಒಂದು ಕಾಗದಕ್ಕೆ ಒಪ್ಪಿಗೆ ಕೊಡುವುದು ಬಾಕಿ ಇದೆ, ದಯವಿಟ್ಟು ಗಮನಿಸಿ ಎಂದು ಫ್ಯಾಕ್ಟರಿಯ ಸಿಸ್ಟಮ್ಮು ಸತ್ತವರಿಗೆ ನೆನಪು ಮಾಡುತ್ತಿತ್ತು.

"ಅದುನ್ನ ಆಫ್ ಮಾಡಿ ಅತ್ಲಾಗ್ ಇಡ್ರವ್ವ," ಎಂದ ಶಿವರಾಜು. ಅವನು ರುದ್ರಾಣಮ್ಮನ ತಮ್ಮ, ಬೆಳಗಿನಿಂದ ಚಟ್ಟದ ಬಿದಿರು, ಹೂವು, ತಮಟೆ ಎಂದು ಓಡಾಡಿ ಸುಸ್ತಾಗಿದ್ದ.

"ಬ್ಯಾಡ," ಎಂದರು ರುದ್ರಾಣಮ್ಮ. ಬೆಳಗಿನಿಂದ ಅವರು ಆಡಿದ ಮಾತುಗಳೇ ಕಡಿಮೆ. "ಕಾಮಗೆರೆಯಿಂದ ಯಾರಾರ ಮಾಡಾರು. ಇರ್ಲಿ."

ಪಡಸಾಲೆಯಲ್ಲಿದ್ದವರೆಲ್ಲ ನೆಲ ನೋಡಿದರು. ಮನೆಯಲ್ಲಿ ಎಲ್ಲರೂ ಗುಸುಗುಸು ಆಡುತ್ತಿದ್ದುದು ಅದೇ ಮಾತು. ಫ್ಯಾಕ್ಟರಿ ಇರುವುದು ಯಳಂದೂರು ರಸ್ತೆಯಲ್ಲಿ. ಕೆಲಸ ಬಿಟ್ಟು ನೇರ ಮನೆಗೆ ಬರುತ್ತಿದ್ದ ಮನುಷ್ಯ, ನಿನ್ನೆ ಊರು ದಾಟಿ ಕಾಮಗೆರೆಗೆ ಹೋಗಿ ಸತ್ತದ್ದು ಯಾಕೆ? ಹನೂರಿಗೆ ಕೊಟ್ಟ ಮಗಳು ದೀಪಳನ್ನು ನೋಡಲು ಹೊರಟಿರಬೇಕು ಎಂದು ಮೊದಲು ಎಲ್ಲರೂ ಅಂದುಕೊಂಡಿದ್ದರು. ದೀಪ ಬಂದವಳೇ, "ಅಪ್ಪ ನಮ್ಮನೆಗೆ ಬತ್ತೀನಿ ಅಂದೇ ಇರ್ನಿಲ್ವಲ್ಲ," ಎಂದು ಅತ್ತಳು. ಆಸ್ಪತ್ರೆಗೆ ಸೇರಿಸಿದವರು ಯಾರೋ, ಬಸ್‌ಸ್ಟಾಪಿನಲ್ಲಿ ಬಿದ್ದಿದ್ದರು ಎಂದಷ್ಟೇ ಹೇಳಿ ಹೋಗಿದ್ದರಂತೆ.

"ಗಂಡಸ್ರ ದಾರಿ ಗಂಡಸ್ರಿಗೇ ಗೊತ್ತು," ಎಂದು ಚಿಕ್ಕನಿಂಗಮ್ಮ ಯಾರಿಗೂ ಹೇಳದವಳಂತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ರುದ್ರಾಣಮ್ಮ ಮೇಘನಾಳನ್ನು ಕೈಸನ್ನೆ ಮಾಡಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಧ್ವನಿ ತಗ್ಗಿಸಿ ಕೇಳಿದರು. "ನೀನು ದಿನಾ ಅವ್ರ ಪಕ್ದಲ್ಲಿ ಕೂತ್ಕಳೋಳು. ದಿಟ ಏಳು ಮಗ. ಕಾಮಗೆರೇಲಿ ಅವ್ರಿಗೆ ಯಾರಿದ್ರು?"

"ಯಾರೂ ಇಲ್ಲಮ್ಮ. ನಂಗೆ ಗೊತ್ತಿರೋ ಹಾಗೆ ಯಾರೂ ಇಲ್ಲ."

"ನಿಂಗೆ ಗೊತ್ತಿರೋ ಆಗೆ," ಎಂದು ರುದ್ರಾಣಮ್ಮ ಅದನ್ನೇ ಮೆಲ್ಲಗೆ ಹೇಳಿಕೊಂಡರು. ಆಮೇಲೆ ಪ್ಲಾಸ್ಟಿಕ್ ಕವರಿನಿಂದ ಫೋನು ತೆಗೆದು ಅವಳ ಕೈಗಿಟ್ಟರು. "ಇದು ನಿನ್ ತಾವೇ ಇರ್ಲಿ. ಕಾಮಗೆರೆಯಿಂದ ಬಂದ್ರೆ ನನ್ನ ಕರಿ. ಬೇರೆ ಯಾರ್ಗೂ ಕೊಡ್ಬ್ಯಾಡ."

* * *

ರಾಮಲಿಂಗಯ್ಯ ಆ ಫ್ಯಾಕ್ಟರಿಗೆ ಮೊದಲು ಸೇರಿದ್ದು ನೂಲು ಸುತ್ತುವ ಕೆಲಸಕ್ಕೆ. ಆಪರೇಷನ್ ಮಾಡಿದ ಮೇಲೆ ಡಾಕ್ಟರುಗಳು ಗಾಯ ಹೊಲಿಯುತ್ತಾರಲ್ಲ, ಆ ರೇಷ್ಮೆ ದಾರ ಅಲ್ಲಿ ತಯಾರಾಗುತ್ತದೆ. ನೇಕಾರರ ಮನೆಯ ಹುಡುಗ, ರೇಷ್ಮೆ ಹಿಡಿದ ಕೈ, ಅಕ್ಷರವೂ ದುಂಡಗಿತ್ತು. ಹಾಗಾಗಿ ಬೇಗನೆ ಕಾಗದಪತ್ರದ ವಿಭಾಗಕ್ಕೆ ಎಳೆದುಕೊಂಡರು.

ಮನುಷ್ಯನ ಮೈಯೊಳಗೆ ಹೋಗುವ ದಾರ. ಅದನ್ನು ಯಾರಿಗೆ ತೋಚಿದಂತೆ ಅವರು ಮಾಡುವಂತಿಲ್ಲ. ನೀರು ಎಷ್ಟು ಬಿಸಿಯಿರಬೇಕು, ಎಷ್ಟು ಹೊತ್ತು ಕುದಿಯಬೇಕು, ಯಾವಾಗ ಇಳಿಸಬೇಕು, ಎಲ್ಲವನ್ನೂ ಬರೆದು, ದೊಡ್ಡವರು ಒಪ್ಪಿ, ಆ ಹಾಳೆಯನ್ನು ಮೆಷಿನ್ನಿನ ಮುಂದೆ ತೂಗುಹಾಕಬೇಕು. ವಿಧಾನ ಬದಲಾದರೆ ಹಾಳೆ ಬದಲಾಗಬೇಕು. ರಾಮಲಿಂಗಯ್ಯನವರ ಕೆಲಸ ಈ ಹಾಳೆಗಳನ್ನು ಕಾಯುವುದು. ಹೆಗಲಿಗೆ ಬಟ್ಟೆಚೀಲ ಹಾಕಿಕೊಂಡು ಹೊಸ ಹಾಳೆಯ ಜೊತೆ ಹೊರಡುತ್ತಿದ್ದರು. ಹಳೆಯದು ಕೈಗೆ ಬಂದ ಹೊರತು ಹೊಸದು ಚೀಲದಿಂದ ಹೊರಗೆ ಬರುತ್ತಿರಲಿಲ್ಲ.

"ಕಳ್ದೋಗದೆ ಸಾ," ಅನ್ನುತ್ತಿದ್ದರು ಕೆಲಸಗಾರರು.

"ಕಳ್ದೋಗದೆ ಅಂದ್ರೆ ಎಲ್ಲೋ ಅದೆ ಅಂತ. ಉಡ್ಕು. ನಾನ್ ಕೂತಿರ್ತೀನಿ." ಹಾಗೆಂದು ಅಲ್ಲೇ ಸ್ಟೂಲೆಳೆದು ಕೂತುಬಿಡುತ್ತಿದ್ದರು.

ಇದಕ್ಕೆ ಕಾರಣವಿತ್ತು. ಅವರು ಹೊಸದಾಗಿ ಆ ವಿಭಾಗಕ್ಕೆ ಬಂದಾಗ, ಹಿಂದಿದ್ದ ಅಧಿಕಾರಿ ಹಳೆಯ ಹಾಳೆ ವಾಪಸು ಪಡೆಯದೆ ಹೊಸದನ್ನು ಹಂಚಿದ್ದರು. ಯಾವುದೋ ಡ್ರಾಯರಿನಲ್ಲಿ ಉಳಿದಿದ್ದ ಹಳೆಯದನ್ನು ಯಾರೋ ತೆಗೆದು ಅದರಂತೆ ಕುದಿಸಿದರು. ದಾರ ನೋಡಲು ಚೆನ್ನಾಗಿಯೇ ಇತ್ತು. ಎಷ್ಟೋ ದಿನದ ಮೇಲೆ ದೂರದ ಒಂದು ಆಸ್ಪತ್ರೆಯಿಂದ ದೂರು ಬಂತು, ಹೊಲಿಗೆ ಬಿಚ್ಚಿಕೊಂಡಿತ್ತು. ಹೊಲಿಸಿಕೊಂಡವನು ಬದುಕಿದ, ಪುಣ್ಯ. ಆದರೆ ರಾಮಲಿಂಗಯ್ಯ ಆ ಬಿಚ್ಚಿದ ಹೊಲಿಗೆಯನ್ನು ಮರೆಯಲೇ ಇಲ್ಲ.

ಅದೇ ಚಾಳಿ ಮನೆಗೂ ಬಂದಿತ್ತು. ಹೊಸ ಸೋಪು ಬೇಕಾದರೆ ಹಳೆಯ ಚೂರು ತಂದು ತೋರಿಸಬೇಕು. ದೀಪಳಿಗೆ ಹೊಸ ಚಪ್ಪಲಿ ಬೇಕಾದರೆ ಹರಿದ ಜೋಡು ಮೊದಲು ಜಗಲಿಗೆ ಬರಬೇಕು. ಒಂದು ಭಾನುವಾರ ಊಟಕ್ಕೆ ಕರೆದಿದ್ದಾಗ ರುದ್ರಾಣಮ್ಮ ಮೇಘನಾಳ ಎಲೆಗೆ ಪಾಯಸ ಬಡಿಸುತ್ತಾ, "ಒಸಾ ಎಂಡ್ತಿ ತರ್ಬೇಕು ಅಂದ್ರೂ ಅಳೇವ್ಳನ್ನ ವಾಪಸ್ ಕೊಡ್ಬೇಕಲ್ಲ ಮಗ. ನಮ್ಮಪ್ಪ ಈಸ್ಕಳಕಿಲ್ಲ ಅಂದ್ಬುಟ್ರು. ಅದ್ಕೇ ನಾನಿನ್ನೂ ಇಲ್ಲೇ ಇವ್ನಿ," ಎಂದಿದ್ದರು. ರಾಮಲಿಂಗಯ್ಯ ತಲೆ ಎತ್ತದೆ ಅನ್ನ ಕಲೆಸುತ್ತಾ ನಕ್ಕಿದ್ದರು.

* * *

ದೇವರಾಜ್ ದೊಡ್ಡ ಸುಗಂಧರಾಜದ ಹಾರ ತಂದರು. ಹಾರ ಹಾಕಿ, ಕೈಮುಗಿದು, ರುದ್ರಾಣಮ್ಮನ ಮುಂದೆ ಒಂದು ಕ್ಷಣ ತಲೆ ತಗ್ಗಿಸಿ ನಿಂತರು. ಕಣ್ಣು ನಿಜವಾಗಿಯೇ ಒದ್ದೆಯಾಗಿತ್ತು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಕಾಲು ನಿಂತ ಕಡೆ ನಿಲ್ಲುತ್ತಿರಲಿಲ್ಲ. ಹೊರಗೆ ಬಂದವರೇ ಮೇಘನಾಳನ್ನು ಕಾರಿನ ಹತ್ತಿರ ಕರೆದರು.

"ಮಧ್ಯಾಹ್ನ ಊಟ ಆದ ಕೂಡಲೇ ಆ ದಾರ ಕೊಳ್ಳೋ ಕಂಪನಿಯ ಆಡಿಟ್‌ನವರು ಕೇಳೋದು ರೇಷ್ಮೆ ಅಂಟು ತೆಗೆಯೋ ವಿಧಾನಾನೇ. ಹೋದ ವರ್ಷ ದಾರ ಬೇಗ ತುಂಡಾಗುತ್ತೆ ಅಂದಿದ್ದರಲ್ಲ, ವಿಧಾನ ಬದಲಾಯಿಸಿದ್ದೀವಿ ಅಂತ ನಾನೇ ಕಾಗದ ಬರೆದಿದ್ದೀನಿ. ಈಗ ನೋಡಿದರೆ ಅದು ಸಿಸ್ಟಮ್‌ನಲ್ಲಿ ರಾಮಲಿಂಗಯ್ಯನವರ ಹತ್ತಿರವೇ ಒಪ್ಪಿಗೆಗೆ ಕೂತಿದೆ. ಇದು ಕೈಕೊಟ್ಟರೆ ಆರ್ಡರ್ ಹೋಗುತ್ತೆ, ಆರ್ಡರ್ ಹೋದರೆ ನಾನೂ ಹೋಗ್ತೀನಿ."

"ಅವರು ಒಪ್ಪಿಗೆ ಕೊಟ್ಟಿರಲಿಲ್ಲ ಸಾರ್. ಹಳೇ ಪ್ರತಿ ಒಂದು ವಾಪಸ್ ಬಂದಿರಲಿಲ್ಲ."

"ಗೊತ್ತು. ಅದಕ್ಕೇ ನಾನು ಹೇಳೋದು ಕೇಳಿ. ಐಟಿಯವನು ಅವರ ಪಾಸ್‌ವರ್ಡ್ ಬದಲಾಯಿಸ್ತಾನೆ. ಬದಲಾಯಿಸೋಕೆ ಒಂದು ನಂಬರ್ ಬೇಕು, ಆ ನಂಬರ್ ಅವರ ಫೋನಿಗೆ ಬರುತ್ತೆ. ನೀವು ಓದಿ ಹೇಳಿದರೆ ಸಾಕು. ಅವರ ಹೆಸರಲ್ಲಿ ಒಂದು ಒಪ್ಪಿಗೆ. ಅಷ್ಟೇ."

ಮೇಘನಾ ತನ್ನ ಕೈಯಲ್ಲಿದ್ದ ಫೋನನ್ನು ದುಪಟ್ಟಾದ ಕೆಳಗೆ ಸರಿಸಿದಳು. "ಸಾರ್, ಇವತ್ತು ಅವರ ಮಣ್ಣು."

"ಅದು ಸಿಸ್ಟಮ್‌ಗೆ ಗೊತ್ತಾ?"

"ಅಕೌಂಟು ಮುಚ್ಚಿದರೆ ಬಾಕಿ ಇರೋದು ತಾನಾಗೇ ನಿಮ್ಮ ಹೆಸರಿಗೆ ಬರುತ್ತೆ ಸಾರ್. ನೀವೇ ಕೊಡಬಹುದಲ್ಲ."

ದೇವರಾಜ್ ರಸ್ತೆ ಆ ಕಡೆ ಈ ಕಡೆ ನೋಡಿದರು. "ನನ್ನ ಹೆಸರಲ್ಲಿ ಕೊಟ್ಟರೆ ನನ್ನನ್ನ ಕೇಳ್ತಾರೆ ಮೇಘನಾ. ಇಷ್ಟು ದಿನ ಯಾಕೆ ನಿಂತಿತ್ತು, ಹಳೇ ಪ್ರತಿ ಎಲ್ಲಿ, ಬದಲಾಯಿಸಿದ್ದೀವಿ ಅಂತ ಮೊದಲೇ ಹೇಗೆ ಬರೆದಿರಿ. ಅವರ ಹೆಸರಲ್ಲಿದ್ದರೆ ಯಾರನ್ನ ಕೇಳ್ತಾರೆ?" ಅಷ್ಟು ಹೇಳಿದ ಮೇಲೆ ಅವರಿಗೇ ಮುಜುಗರವಾಯಿತು. ಕಾರಿನ ಗಾಜಿನ ಮೇಲಿದ್ದ ಧೂಳನ್ನು ಬೆರಳಿನಿಂದ ಒರೆಸಿದರು. "ನಿಮ್ಮ ಪರ್ಮನೆಂಟ್ ಫೈಲು ನನ್ನ ಟೇಬಲ್ ಮೇಲೇ ಇದೆ. ನಾನೇ ಅಲ್ಲಿ ಇಲ್ಲದಿದ್ದರೆ ಅದಕ್ಕೆ ಸಹಿ ಹಾಕೋರು ಯಾರು, ನೀವೇ ಯೋಚನೆ ಮಾಡಿ."

ಮೇಘನಾ ಯೋಚನೆ ಮಾಡಿದಳು. ಸತ್ತೇಗಾಲದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಈ ನೌಕರಿ ಕಾಂಟ್ರ್ಯಾಕ್ಟಿನದು. ಪರ್ಮನೆಂಟ್ ಆಗುತ್ತದೆ ಎಂದು ಮನೆಯಲ್ಲಿ ಹೇಳಿಯೂ ಆಗಿತ್ತು. ಅವಳಿಗೆ ಸಿಟ್ಟು ಬಂತು. ದೇವರಾಜ್ ಮೇಲೆ ಅಲ್ಲ, ಸತ್ತು ಮಲಗಿದ್ದವರ ಮೇಲೆಯೇ. ಒಂದು ಟಿಕ್ ಹಾಕಿ ಹೋಗಿದ್ದರೆ ಇಷ್ಟೆಲ್ಲ ಆಗುತ್ತಿತ್ತೆ?

* * *

ಫ್ಯಾಕ್ಟರಿಗೆ ಕಂಪ್ಯೂಟರಿನ ಸಿಸ್ಟಮ್ಮು ಬಂದ ಮೇಲೆ ಹಾಳೆಗಳನ್ನು ಹಂಚುವುದೂ ಇರಲಿಲ್ಲ, ವಾಪಸು ಪಡೆಯುವುದೂ ಇರಲಿಲ್ಲ. ಇಲ್ಲಿ ಒಪ್ಪಿಗೆ ಒತ್ತಿದರೆ ಅಲ್ಲಿ ಮೆಷಿನ್ನಿನ ಮುಂದಿನ ಪರದೆಯಲ್ಲಿ ಹಳೆಯದು ಹೋಗಿ ಹೊಸದು ಬರುತ್ತದೆ. ಮೇಘನಾಳನ್ನು ತೆಗೆದುಕೊಂಡಿದ್ದು ಆ ಸಿಸ್ಟಮ್ಮು ನೋಡಿಕೊಳ್ಳಲೆಂದೇ. ರಾಮಲಿಂಗಯ್ಯ ಒಂದೇ ಬೆರಳಿನಲ್ಲಿ ಕೀಲಿ ಹುಡುಕಿ ಹುಡುಕಿ ಒತ್ತುತ್ತಿದ್ದರು. ಒತ್ತಿದ ಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ಎದ್ದುಬಿಡುತ್ತಿದ್ದರು.

"ಎಲ್ಲಿಗೆ ಸಾರ್? ತರೋಕೆ ಏನೂ ಇಲ್ವಲ್ಲ."

"ಬಂದದೋ ಇಲ್ವೋ ನೋಡ್ಕೊಂಡ್ ಬತ್ತೀನಿ ಕಣವ್ವ." ಖಾಲಿ ಚೀಲ ಹಾಕಿಕೊಂಡು ಒಂದೊಂದು ಪರದೆಯನ್ನೂ ಇಣುಕಿ ನೋಡಿ ಬರುತ್ತಿದ್ದರು. ಹುಡುಗರು ಬೆನ್ನ ಹಿಂದೆ ನಗುತ್ತಿದ್ದರು. ಮೇಘನಾಳೂ ನಕ್ಕಿದ್ದಳು.

ಕೊನೆಗೆ ಉಳಿದಿದ್ದು ರೇಷ್ಮೆಯ ಅಂಟು ಬೇಯಿಸಿ ತೆಗೆಯುವ ವಿಭಾಗ. ಹಬೆಗೆ ಪರದೆ ಕೆಡುತ್ತದೆಂದು ಅಲ್ಲಿ ಇತ್ತೀಚಿನವರೆಗೂ ಪ್ಲಾಸ್ಟಿಕ್ ಹೊದಿಸಿದ ಗಟ್ಟಿ ಹಾಳೆಯೇ ಇತ್ತು. ಗಾಜಿನ ಪೆಟ್ಟಿಗೆಯೊಳಗೆ ಪರದೆ ಕೂರಿಸಿದ ದಿನ ಆ ಹಾಳೆಯನ್ನು ಕೆಳಗಿಳಿಸಿದವನು ಅಲ್ಲಿನ ಹಂಡೆ ನೋಡಿಕೊಳ್ಳುವ ನಾಗಯ್ಯ. ಆಮೇಲೆ ಅದು ಕಾಣಲಿಲ್ಲ.

ನಿನ್ನೆ ಮಧ್ಯಾಹ್ನ ರಾಮಲಿಂಗಯ್ಯ ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದರು. "ಬಂತಾ ನಾಗಯ್ಯಂದು?"

"ಅವರು ರಜೆ ಸಾರ್. ಬಂದಾಗ ತರ್ತಾರೆ. ಹಳೇ ಪ್ರತಿಗಳೆಲ್ಲ ವಾಪಸ್ ಬಂದಿವೆ ಅನ್ನೋ ಕಡೆ ಒಂದು ಟಿಕ್ ಹಾಕಿಬಿಡಿ. ನಾಳೆ ಆಡಿಟ್ ಇದೆ."

"ಬಂದಿಲ್ಲ ಕಣವ್ವ."

"ಬರುತ್ತಲ್ಲ ಸಾರ್."

"ಕೈಗೆ ಬರ್ಲಿ," ಎಂದಿದ್ದರು. ಎದೆಯನ್ನು ಅಂಗೈಯಿಂದ ಉಜ್ಜಿಕೊಳ್ಳುತ್ತಿದ್ದರು. ಅವಳು ಅದನ್ನು ನೋಡಿದ್ದಳು, ಮಧ್ಯಾಹ್ನದ ವಾಂಗೀಬಾತು ಎದೆಗೆ ಒತ್ತುತ್ತಿರಬೇಕು ಎಂದುಕೊಂಡಿದ್ದಳು.

* * *

ಚಟ್ಟ ಕಟ್ಟಿ ಮುಗಿಯುವ ಹೊತ್ತಿಗೆ ನಾಗಯ್ಯ ಬಂದ. ಕಂಕುಳಲ್ಲಿ ದಿನಪತ್ರಿಕೆ ಸುತ್ತಿದ ಏನನ್ನೋ ಇಟ್ಟುಕೊಂಡು ಬಾಗಿಲ ಹೊರಗೇ ನಿಂತುಬಿಟ್ಟ. ಒಳಗೆ ಬಾ ಎಂದು ಶಿವರಾಜು ಕರೆದರೂ ಬರಲಿಲ್ಲ. ಮೇಘನಾಳ ಮುಖ ಕಂಡದ್ದೇ ಆ ಪೊಟ್ಟಣವನ್ನು ಅವಳ ಕಡೆ ಚಾಚಿದ. ಅವಳು ಬಿಚ್ಚಿ ನೋಡಿದಳು. ಅಂಟು ತೆಗೆಯುವ ವಿಧಾನದ ಹಳೆಯ ಹಾಳೆ. ಮೇಲೆ ದುಂಡಗೆ ಒಂದು ಗುರುತು, ಮಡಕೆಯ ಬಾಯಿ ಕೂತ ಗುರುತು.

"ನಂದೇ ತಪ್ಪು ಕಣವ್ವ," ಎಂದ ನಾಗಯ್ಯ. "ಗಟ್ಟಿಯಾಗಿತ್ತು, ನೀರು ಇಡೀತಿರ್ನಿಲ್ಲ. ಬಿಸಾಕದ್ ತಾನೇ ಅಂತ ಮನೆಗ್ ತಕಂಡೋಗಿ ನೀರಿನ್ ಗುಡಾಣದ್ ಮೇಲೆ ಮುಚ್ಚಿದ್ದೆ. ನೆನ್ನೆ ಫೋನ್ ಮಾಡುದ್ರು. ಸೋಮಾರ ತತ್ತೀನಿ ಸಾ ಅಂದೆ. ಬ್ಯಾಡ, ನಾನೇ ಬತ್ತೀನಿ ಅಂದ್ರು. ಬಂದೇಬುಟ್ರು."

ರುದ್ರಾಣಮ್ಮ ಯಾವಾಗ ಎದ್ದು ಬಂದು ಹಿಂದೆ ನಿಂತರೋ ಮೇಘನಾಳಿಗೆ ತಿಳಿಯಲಿಲ್ಲ. "ಎಲ್ಲಿಗ್ ಬಂದ್ರು?" ಎಂದರು.

ನಾಗಯ್ಯ ಅಳುತ್ತಾ ಕೈಮುಗಿದ. "ನಮ್ಮನೇಗೆ ಕಣವ್ವ. ಕಾಮಗೆರೆಗೆ. ಬಸ್‌ಸ್ಟಾಪಲ್ಲಿ ಬಿದ್ರು ಅಂತ ನಾನೇ ಸುಳ್ಳೇಳ್ದೆ. ನಿನ್ನಿಂದ್ಲೇ ಸತ್ರು ಅಂದಾರು ಅಂತ ಎದ್ರಿಕಂಡ್ಬುಟ್ಟೆ. ನಮ್ಮ ಜಗ್ಲೀಲಿ ಕೂತಿದ್ರು. ಬೆವರ್ತಾ ಇದ್ರು. ನೀರು ಕೊಡು ನಾಗಯ್ಯ ಅಂದ್ರು. ನಮ್ಮವ್ಳು ಗುಡಾಣದ್ ಮೇಲಿಂದ ಇದುನ್ನ ತೆಗುದ್ಲು. ನೋಡುದ್ರು. ನಕ್ಕುಬುಟ್ರು ಕಣವ್ವ. ಸಿಕ್ತಲ್ಲ ಬುಡು, ಒರ್ಸಿಕೊಡು ಅಂದ್ರು. ನಾನು ಒರುಸ್ತಾ ಇದ್ದೆ. ಅಂಗೇ ಗೋಡೆಗ್ ಒರ್ಗುದ್ರು."

ಚಿಕ್ಕನಿಂಗಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

"ಇದುಕ್ಕಾ?" ಎಂದರು ರುದ್ರಾಣಮ್ಮ. ಹಾಳೆಯನ್ನು ಮುಟ್ಟಲಿಲ್ಲ, ನೋಡಿದರು ಅಷ್ಟೆ. "ಈ ರಟ್ಟುಗಾ? ನಾನು ಬೆಳಗಿಂದ ಏನೇನೋ ಅಂದ್ಕಂಡ್ನಲ್ಲ." ನಾಗಯ್ಯನ ಕಡೆ ತಿರುಗಿ ಕೇಳಿದರು. "ನೀರು ಕುಡುದ್ರಾ?"

"ಕುಡುದ್ರು ಕಣವ್ವ. ಒಂದ್ ಚೊಂಬು ಪೂರ್ತಿ ಕುಡುದ್ರು."

"ಸಾಕು ಬುಡು. ನೀರ್ ಕುಡ್ಕೊಂಡು ಓದ್ರಲ್ಲ. ನೀನ್ ಯಾಕ್ ಅಳ್ತೀಯ, ಒಳಕ್ ಬಾ."

ನಾಗಯ್ಯ ಒಳಗೆ ಹೋಗಿ ರಾಮಲಿಂಗಯ್ಯನವರ ಕಾಲ ಹತ್ತಿರ ಕುಕ್ಕರಿಸಿದ. ರುದ್ರಾಣಮ್ಮ ಮೇಘನಾಳ ಕಡೆ ತಿರುಗಿದರು. ಬೆಳಗಿನಿಂದ ಬಿಗಿದಿದ್ದ ಮುಖ ಸಡಿಲವಾಗಿತ್ತು. ಈಗ ಮಾತ್ರ ಅವರು ಗಂಡ ಸತ್ತವರ ಹಾಗೆ ಕಾಣುತ್ತಿದ್ದರು.

"ಬಂತಲ್ಲ ಅದು. ಇನ್ ಅವ್ರ ಕೆಲ್ಸ ಮುಗೀತಾ ಮಗ?"

ಮೇಘನಾ ತಲೆಯಾಡಿಸಿದಳು.

ದೇವರಾಜ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಚಟ್ಟಕ್ಕೆ ಹೂವು ಕಟ್ಟುತ್ತಿದ್ದವರನ್ನು ಬಳಸಿ ಅವಳ ಪಕ್ಕಕ್ಕೆ ಬಂದರು. "ನೋಡಿ, ಹಾಳೆ ಸಿಕ್ಕಿತು. ಇನ್ನು ಸುಳ್ಳೇನಿದೆ? ಅವರು ಬದುಕಿದ್ದಿದ್ದರೆ ಇವತ್ತು ಬೆಳಿಗ್ಗೆ ಬಂದು ಅವರೇ ಒತ್ತುತ್ತಿದ್ದರು. ನಾವು ಮಾಡೋದೂ ಅದೇ." ಮಾತು ಮುಗಿಸುವ ಮೊದಲೇ ಐಟಿಯವನಿಗೆ ಫೋನು ಹಚ್ಚಿದ್ದರು. "ಹೂಂ, ಕಳಿಸಪ್ಪ."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಮೇಘನಾಳಿಗೆ ಆಗಲಿಲ್ಲ. ಅದೇ ಅವಳನ್ನು ಹೆಚ್ಚು ಕಂಗೆಡಿಸಿತು. ಹಾಳೆ ಬಂದಿದೆ, ಅವರೇ ನೋಡಿ ನಕ್ಕಿದ್ದಾರೆ. ಒತ್ತುವ ಬೆರಳು ಯಾರದಾದರೇನು?

* * *

ತಮಟೆ ಶುರುವಾಯಿತು. ಶಿವರಾಜು ಮತ್ತು ಬೀದಿಯ ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ಮಗ್ಗದ ಮೂಲೆ ತಪ್ಪಿಸಿ, ಬಾಗಿಲಲ್ಲಿ ಓರೆ ಮಾಡಿ, ಎತ್ತಿ ಇಳಿಸಿ, ಅಂತೂ ರಾಮಲಿಂಗಯ್ಯನವರನ್ನು ಬೀದಿಗೆ ತಂದರು. ಹೆಂಗಸರೂ ಹಿಂದೆ ಹೊರಟರು. ಬೀದಿಯಲ್ಲಿ ಅವತ್ತು ಮಗ್ಗದ ಸದ್ದಿರಲಿಲ್ಲ, ಎಲ್ಲರ ಮನೆಯವರೂ ಜಗಲಿಯ ಮೇಲೆ ನಿಂತಿದ್ದರು.

ಮೇಘನಾಳ ಕೈಯಲ್ಲಿದ್ದ ರಾಮಲಿಂಗಯ್ಯನವರ ಫೋನು ಬೆಳಗಿತು. ಪರದೆಯ ಮೇಲೆ ಒಂದು ಸಂಖ್ಯೆ. ಪಕ್ಕದಲ್ಲೇ ನಡೆಯುತ್ತಿದ್ದ ದೇವರಾಜ್ ಕೇಳಿದರು. "ಬಂತಾ?"

ಬಂತು ಎನ್ನಲು ಬಾಯಿ ತೆರೆದಿದ್ದಳು. ಆಗ ಕಣ್ಣು ಮುಂದೆ ಹೋಯಿತು. ಚಟ್ಟದ ಮೇಲೆ ಅವರ ಪಾದಗಳು ನಡೆಯುವವರ ಹೆಜ್ಜೆಗೆ ತಕ್ಕಂತೆ ಅಲುಗುತ್ತಿದ್ದವು. ಈಗ ಈ ನಂಬರು ಹೇಳಿದರೆ ಸಿಸ್ಟಮ್ಮು ಇವತ್ತಿನ ತಾರೀಖು, ಈ ಗಳಿಗೆ, ರಾಮಲಿಂಗಯ್ಯ ಒಪ್ಪಿದರು ಎಂದು ಬರೆದಿಡುತ್ತದೆ. ಬರೆದದ್ದನ್ನು ಮುಂದೆ ಯಾರೂ ಅಳಿಸಲಾಗದು, ಅದು ಇರುವುದೇ ಹಾಗೆ. ನಾಲ್ಕು ಜನರ ಹೆಗಲ ಮೇಲೆ ಹೋಗುತ್ತಿರುವ ಮನುಷ್ಯ ಒಪ್ಪಿಗೆ ಕೊಟ್ಟರಂತೆ. ಬಾರದ ಒಂದು ರಟ್ಟು ಬಂತು ಎಂದು ಹೇಳಲು ಒಲ್ಲದೆ ಬಸ್ಸು ಹತ್ತಿ ಹೋದವರ ಹೆಸರಲ್ಲಿ.

"ಮೇಘನಾ, ನಂಬರ್. ಅದು ಬೇಗ ಹಳೇದಾಗಿಬಿಡುತ್ತೆ."

"ಆಗಲಿ ಸಾರ್."

"ಏನಂದ್ರಿ?"

ಅವಳು ನಡೆಯುತ್ತಲೇ ಚೀಲದಿಂದ ತನ್ನ ಫೋನು ತೆಗೆದು, ತನ್ನ ಹೆಸರಿನಲ್ಲಿ ಸಿಸ್ಟಮ್ಮಿನೊಳಗೆ ಹೋದಳು. ರಾಮಲಿಂಗಯ್ಯನವರ ಹೆಸರು, ಪಕ್ಕದಲ್ಲಿ ಹಸಿರು ಚುಕ್ಕೆ. ಅಕೌಂಟು ಮುಚ್ಚಲು ಕಾರಣ ಕೊಡಿ ಎಂದಿತು. ರಾಜೀನಾಮೆ, ವರ್ಗಾವಣೆ, ನಿವೃತ್ತಿ, ಇತರೆ. ಸಾವೂ ಒಂದು ಕಾರಣ ಎಂದು ಸಿಸ್ಟಮ್ಮು ಮಾಡಿದವರು ಯೋಚಿಸಿಯೇ ಇರಲಿಲ್ಲ. ಅವಳ ಬೆರಳು ನಿವೃತ್ತಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಬರುವ ಯುಗಾದಿ ಕಳೆದರೆ ಅದೇ ಆಗಬೇಕಿತ್ತು. ಆದರೆ ಆಗಿರಲಿಲ್ಲ. ಇತರೆ ಒತ್ತಿ, ಕೆಳಗಿನ ಖಾಲಿ ಜಾಗದಲ್ಲಿ ತೀರಿಕೊಂಡರು ಎಂದು ಬರೆದಳು.

ದೇವರಾಜ್ ನೋಡಿದರು. "ಬೇಡ," ಎಂದರು. ಆಜ್ಞೆ ಮಾಡುವ ದನಿಯಲ್ಲ, ಕೇಳಿಕೊಳ್ಳುವ ದನಿ.

"ಅವರ ಕೆಲಸ ಮುಗೀತು ಸಾರ್," ಎಂದು ಮೇಘನಾ ಒತ್ತಿದಳು.

ಹಸಿರು ಚುಕ್ಕೆ ಬೂದಿ ಬಣ್ಣಕ್ಕೆ ತಿರುಗಿತು. ಸಿಸ್ಟಮ್ಮು, ಬದಲಾವಣೆ ಸ್ವಲ್ಪ ಹೊತ್ತಿನಲ್ಲಿ ಜಾರಿಯಾಗುತ್ತದೆ ಎಂದಿತು. ನಿನ್ನೆಯಿಂದ ಬಾರದ ಅಳು ಅವಳಿಗೆ ಆಗ ಬಂತು. ಹಿಂದಿನಿಂದ ಬರುತ್ತಿದ್ದ ದೀಪ ಅವಳ ತೋಳು ಹಿಡಿದುಕೊಂಡಳು. ಪರ್ಮನೆಂಟ್ ಫೈಲು, ಸತ್ತೇಗಾಲದ ಬಸ್ಸು, ಮನೆಯಲ್ಲಿ ಹೇಳಿಟ್ಟ ಮಾತು ಎಲ್ಲವೂ ನೆನಪಿಗೆ ಬಂದವು. ಅವಳಿಗೆ ಭಯವಾಯಿತು. ಭಯದಲ್ಲೇ ನಡೆದಳು.

ಗುಂಡಿ ಮೊದಲೇ ಸಿದ್ಧವಾಗಿತ್ತು. ಅಲ್ಲಿ ನಡೆಯಬೇಕಾದ ಶಾಸ್ತ್ರಗಳು ನಡೆದವು. ರಾಮಲಿಂಗಯ್ಯನವರನ್ನು ಇಳಿಸಿದ ಮೇಲೆ ರುದ್ರಾಣಮ್ಮ ಮೊದಲು ಮಣ್ಣು ಹಾಕಿದರು. ಆಮೇಲೆ ದೀಪ, ಶಿವರಾಜು, ಬೀದಿಯವರು. ನಾಗಯ್ಯ ಎರಡು ಕೈಯಲ್ಲೂ ಬಾಚಿ ಹಾಕಿ ದೂರ ಹೋಗಿ ನಿಂತ. ಮೇಘನಾ ಹಾಕಿದ ಮೇಲೆ, ಫ್ಯಾಕ್ಟರಿಯವರು ಬನ್ನಿ ಎಂದು ಯಾರೋ ಕರೆದರು. ದೇವರಾಜ್ ಪ್ಯಾಂಟು ಮೇಲೆಳೆದುಕೊಂಡು ಬಗ್ಗಿ, ಹಸಿಮಣ್ಣನ್ನು ಬಲಗೈ ತುಂಬ ಹಿಡಿದು ಗುಂಡಿಯ ಅಂಚಿಗೆ ಬಂದರು.

ಟಣ್ ಎಂದಿತು.

ಎಲ್ಲರೂ ಮೇಘನಾಳ ಕೈಯ ಕಡೆ ನೋಡಿದರು. ಅವಳ ಕೈಯಲ್ಲಿದ್ದ ರಾಮಲಿಂಗಯ್ಯನವರ ಫೋನು ಕಪ್ಪಗೆ ಸುಮ್ಮನಿತ್ತು. ಸದ್ದು ಬಂದದ್ದು ದೇವರಾಜ್ ಅವರ ಅಂಗಿಯ ಜೇಬಿನಿಂದ. ತೆಳು ಬಟ್ಟೆಯ ಹಿಂದೆ ಪರದೆ ಹೊಳೆಯುವುದು ಕಾಣುತ್ತಿತ್ತು. ಮತ್ತೆ ಟಣ್ ಎಂದಿತು.

ಅವರು ಮಣ್ಣು ಹಾಕಲೂ ಇಲ್ಲ, ಫೋನು ತೆಗೆಯಲೂ ಇಲ್ಲ. ಎಡಗೈ ಜೇಬಿನ ತನಕ ಹೋಗಿ ನಿಂತಿತ್ತು. ಮುಷ್ಟಿಯ ಸಂದಿಯಿಂದ ಮಣ್ಣು ಸಣ್ಣಗೆ ಉದುರಿ ಅವರ ಬೂಟಿನ ಮೇಲೆ ಬೀಳುತ್ತಿತ್ತು.

"ಆಕಿ ಸಾ," ಎಂದರು ರುದ್ರಾಣಮ್ಮ. "ಇಂದೆ ಜನ ಕಾಯ್ತಾವ್ರೆ."